ಅಗಸಿಯ ತನಕ

ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಕರೆಂಟಿನ ಲೈನು. ಮಿಕ್ಸರ್ ಸುಟ್ಟರೂ ಲೈನು, ಬೋರಿನ ಮೋಟರು ಕೂತರೂ ಲೈನು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಮದುವೆ ಫೋಟೋ ತೆಗೆಯುತ್ತ ಅರ್ಧ ಆಯುಷ್ಯ ಕಳೆದವನು ನಾನು. ಬೀಗರು ಬೀಗರ ನಡುವೆ ನೂರು ಜಗಳವಿದ್ದರೂ ಲೈನನ್ನು ಬೈಯುವಾಗ ಎಲ್ಲರೂ ಒಂದೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹೊಲದ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಬಿಟ್ಟ ಹೊತ್ತಿಗೆ ಮನೆಯ ಫ್ಯಾನು ತೂಕಡಿಸತೊಡಗುತ್ತದೆ. ಯಾರಾದರೂ ತಲೆಯೆತ್ತಿ "ವೋಲ್ಟೇಜ್ ಇಲ್ಲ" ಎನ್ನುತ್ತಾರೆ, ಮಿಕ್ಕವರು ಹೂಂಗುಟ್ಟುತ್ತಾರೆ. ಹೀಗಾಗಿ ಆ ಆಷಾಢದಲ್ಲಿ ನನ್ನ ಕಂಪ್ಯೂಟರು ಅತ್ತೆಯನ್ನು ನಡುದಾರಿಯಲ್ಲಿ ಕೈಬಿಡತೊಡಗಿದಾಗ ನಾನೂ ಲೈನಿಗೇ ಬೈದೆ. ಬೈಯುವುದು ಸುಲಭವಾಗಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಮೇಲೆ, ನನ್ನ ಹೆಂಡತಿಯ ತಾಯಿ. ಸೋದರತ್ತೆಯ ಮಗಳನ್ನು ಮದುವೆಯಾದವನನ್ನು ಬೈಯಲು ಆ ಹೆಂಗಸಿಗೆ ಎರಡೆರಡು ಹಕ್ಕು ಇರುತ್ತವೆ. ನಮ್ಮ ಅತ್ತೆ ಒಂದನ್ನೂ ಬಿಟ್ಟುಕೊಟ್ಟವಳಲ್ಲ. ಹಿರೇಹಡಗಲಿಯಲ್ಲಿ ಬಾಳ್ವೆ ಮಾಡಿ, ಮಾವ ತೀರಿಕೊಂಡ ಮೇಲೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದಳು. ಮುಂದೆ ಸ್ಟುಡಿಯೋ, ಹಿಂದೆ ಮನೆ. ದಿನವಿಡೀ ಸ್ಟುಡಿಯೋದ ಮೂಲೆಯ ಕುರ್ಚಿಯಲ್ಲಿ ಕೂತು, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ "ಗದ್ದ ಎತ್ತು, ಸಾಲಿ ಮಾಸ್ತರ್ ಬಡದಂಗ ಯಾಕ ಮಾರಿ ಮಾಡ್ಕಂಡಿ?" ಎಂದು ಹೇಳುವುದು ಅವಳ ಕೆಲಸವಾಗಿತ್ತು. ಜನ ನಕ್ಕಾಗ ನಾನು ಕ್ಲಿಕ್ ಮಾಡುತ್ತಿದ್ದೆ. ಆ ಫೋಟೋಗಳೇ ಚೆನ್ನಾಗಿ ಬರುತ್ತಿದ್ದವು.

ಅತ್ತೆ ಹುಟ್ಟಿದ ಊರಿನ ಹೆಸರು ಈಗ ಯಾವ ಬಸ್ಸಿನ ಬೋರ್ಡಿನ ಮೇಲೂ ಇಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ತಂಬ್ರಹಳ್ಳಿಯ ಆಚೆ ಹಿನ್ನೀರಿನಲ್ಲಿ ಮುಳುಗಿತು. ನೀರು ಬರುತ್ತದೆಂದು ಗೊತ್ತಾದ ಮೇಲೆ ಜನ ತಮ್ಮ ತಮ್ಮ ಮನೆಯನ್ನು ತಾವೇ ಬಿಚ್ಚಿದರಂತೆ. ಬಾಗಿಲು, ತೊಲೆ, ಕಂಬ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೊರಟರು. ಅತ್ತೆ ಆಗ ಸಣ್ಣ ಹುಡುಗಿ. ಹಾಸಿಗೆ ಸುರುಳಿಗಳ ಮೇಲೆ ಅವಳನ್ನು ಮಲಗಿಸಿದರು, ನಸುಕಿನಲ್ಲಿ ಗಾಡಿ ಹೊಡೆದರು. ಅವಳಿಗೆ ಎಚ್ಚರವಾದಾಗ ಗಾಡಿ ಯಾವುದೋ ಬೇವಿನ ಮರದ ಕೆಳಗೆ ನಿಂತಿತ್ತು.

"ಕಣ್ ಬಿಟ್ರ ಬ್ಯಾರೆ ಊರು," ಎನ್ನುತ್ತಿದ್ದಳು. "ನಾ ಊರು ಬಿಟ್ಟಿಲ್ಲಪಾ. ನಿದ್ದಿಗಣ್ಣಾಗ ನನ್ನ ಎತ್ತಿಗಂಡು ಬಂದ್ರು."

ಅಂದಿನಿಂದ ಅತ್ತೆ ಯಾವ ಗಾಡಿಯಲ್ಲೂ ನಿದ್ದೆ ಮಾಡಿದವಳಲ್ಲ. ಇದು ನಮ್ಮ ಬಳಗದಲ್ಲೆಲ್ಲ ಹೆಸರಾದ ಮಾತು. ಶ್ರೀಶೈಲಕ್ಕೆ ಹೋದಾಗ ಬಸ್ಸಿನ ತುಂಬ ಜನ ಗೊರಕೆ ಹೊಡೆಯುತ್ತಿದ್ದರೆ ಇವಳು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಅವನಿಗೆ ಎಲೆ ಅಡಿಕೆ ಮಡಿಸಿ ಕೊಡುತ್ತಿದ್ದಳು. ಸ್ವಲ್ಪ ಒರಗಿಕೊ ಎಂದರೆ, "ಮಲಗಿದ್ರ ಎಲ್ಲಿಗೆ ಒಯ್ತೀರೋ ಯಾರಿಗ್ಗೊತ್ತು" ಎನ್ನುವಳು. ನಾವು ನಗುತ್ತಿದ್ದೆವು.

ಎರಡು ವರ್ಷದ ಹಿಂದೆ ಅವಳ ಕಣ್ಣು ಮಂಜಾಗತೊಡಗಿತು. ಪೊರೆ ಇರಬೇಕು, ತೆಗೆಸಿದರಾಯಿತು ಎಂದು ಹೊಸಪೇಟೆಗೆ ಕರೆದುಕೊಂಡು ಹೋದರೆ ಡಾಕ್ಟರು ಬೇರೆಯದೇ ಹೇಳಿದರು. ಕಣ್ಣೊಳಗಿನ ಒತ್ತಡದಿಂದ ನರ ಸವೆಯುತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಹನಿ ಹಾಕುತ್ತ ಉಳಿದದ್ದನ್ನು ಕಾಯೋಣ. ಬಲಗಣ್ಣು ಆಗಲೇ ಮುಗಿದಿತ್ತು. ಎಡಗಣ್ಣಿನಲ್ಲಿ ನಟ್ಟನಡುವೆ ಮಾತ್ರ ಒಂದಿಷ್ಟು ಬೆಳಕು. "ಊದಗೊಳವಿಯಾಗಿಂದ ನೋಡಿದಂಗ ಕಾಣ್ತೈತಿ," ಎಂದಳು ಅತ್ತೆ. ಡಾಕ್ಟರಿಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ವಾಪಸ್ ಬರುವಾಗ, ಮನೆ ಹತ್ತಿರ ಬಂದಾಗ, ಒಂದೇ ಮಾತು ಹೇಳಿದಳು. "ಇದು ಪೂರ್ತಿ ಮುಚ್ಚಗೊಳ್ಳಾಕ ಮೊದ್ಲ ನನ್ನ ಊರಾಗ ಒಮ್ಮಿ ಹೊಕ್ಕು ಮನಿತನಕ ಹೋಗಬೇಕಪ."

ಮುಳುಗಿದ ಊರಿಗೆ ಹೋಗುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಕಲ್ಲುಗಳು ಮೇಲೇಳುತ್ತವೆ, ಕುರಿಯವರು ಅದರ ನಡುವೆಯೇ ಕುರಿ ಹೊಡೆದುಕೊಂಡು ಹೋಗುತ್ತಾರೆ. ಆ ವರ್ಷ ನೀರು ಬಹಳ ದೂರ ಸರಿದಿತ್ತು. ಮೂವರೂ ಕಾರಿನಲ್ಲಿ ಹೋದೆವು. ಅತ್ತೆ ಕೆಳಗಿಳಿದು ಕೆಸರಿಗೆ ಕಾಲಿಟ್ಟಳು. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು, ಕೆಳಗೆ ಇನ್ನೂ ಹಸಿ. ಕಾಲು ಮೊಳಕಾಲ ತನಕ ಇಳಿಯಿತು. ನಾನೂ ಹೆಂಡತಿಯೂ ಸೇರಿ ಎಳೆದು ತೆಗೆದೆವು. ದಂಡೆಯ ಜಾಲಿ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರೆ, ಎಡಗಣ್ಣನ್ನು ಅತ್ತಿತ್ತ ತಿರುಗಿಸಿ, "ಬಿಸಲು ಕಾಣ್ತೈತಿ. ಊರು ಕಾಣವಲ್ದು," ಎಂದಳು.

ಆಗ ನನಗೆ ಹೊಳೆದದ್ದು ಡ್ರೋನು. ಮದುವೆ ಮೆರವಣಿಗೆಯ ಮೇಲೆ ಹಾರಿಸಿ ಹಾರಿಸಿ ಬೇಸತ್ತಿದ್ದ ಅದನ್ನು ಊರಿನ ಮೇಲೆ ಕೆಳಮಟ್ಟದಲ್ಲಿ, ಹೊಲ ಉತ್ತಂತೆ ಸಾಲು ಸಾಲಾಗಿ ಹಾರಿಸಿ ನೂರಾರು ಫೋಟೋ ತೆಗೆದೆ. ಬಿಡಿ ಫೋಟೋಗಳನ್ನು ತೋರಿಸಿದರೆ ಅವಳಿಗೆ ಯಾವ ಕಲ್ಲು ಯಾವುದರ ಪಕ್ಕದ್ದೆಂದು ತಿಳಿಯಲಿಲ್ಲ. ಚೂರು ಬಟ್ಟೆ ಸೇರಿಸಿ ಕೌದಿ ಹೊಲಿದಂತೆ ಎಲ್ಲ ಫೋಟೋಗಳನ್ನು ಒಂದೇ ದೊಡ್ಡ ಚಿತ್ರವಾಗಿ ಹೊಲಿಯುವ ಸಾಫ್ಟ್‌ವೇರ್ ಇದೆ. ಅದರಲ್ಲಿ ಹೊಲಿದೆ. ಕೆಲಸ ಮುಗಿದಾಗ ಊರು ಇಡಿಯಾಗಿ ನನ್ನ ಪರದೆಯ ಮೇಲೆ ಮಲಗಿತ್ತು: ಓಣಿಗಳು, ಮನೆಗಳ ಅಡಿಪಾಯ, ಬಾವಿಯ ಬಾಯಿ. ಪೂರ್ತಿ ಕಾಣುವಂತೆ ಸಣ್ಣದು ಮಾಡಿದರೆ ಕಲ್ಲುಗಳು ಎಳ್ಳಿನ ಕಾಳಾಗುತ್ತಿದ್ದವು. ಅತ್ತೆಗೆ ಕಾಣಬೇಕೆಂದರೆ ಬಹಳ ದೊಡ್ಡದು ಮಾಡಿ, ಅವಳ ಕಣ್ಣ ಮುಂದೆ ಚಿತ್ರವನ್ನು ಮೆಲ್ಲಗೆ ಸರಿಸಬೇಕು. ಅವಳು ಕೂತಿರುತ್ತಾಳೆ, ಊರೇ ಅವಳ ಕೆಳಗೆ ನಡೆಯುತ್ತದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆಷಾಢ ಬಂತು, ಮದುವೆಗಳು ನಿಂತವು. ಕೈ ಖಾಲಿ ಇರುವ ಫೋಟೋಗ್ರಾಫರನಿಗೆ ತಲೆಯೂ ಖಾಲಿ. ಕಂಪ್ಯೂಟರಿನ ಮೂಲೆಯಲ್ಲಿ ಮದರ್‌ಬೋರ್ಡಿಗೆ ಹೊಸ ಫರ್ಮ್‌ವೇರ್ ಬಂದಿದೆ, ಹಾಕಿಕೊಳ್ಳಿ ಎಂಬ ಸೂಚನೆ ಬಹಳ ದಿನದಿಂದ ಕೂತಿತ್ತು. ಫರ್ಮ್‌ವೇರ್ ಎಂದರೆ ಮಿಕ್ಕದ್ದೆಲ್ಲ ಏಳುವ ಮೊದಲು ತಾನೆದ್ದು, ಯಾರ್‍ಯಾರಿದ್ದಾರೆಂದು ನೋಡಿ, ಅವರವರಿಗೆ ಬೇಕಾದಷ್ಟು ಕರೆಂಟು ಹಂಚುವ ಪುಟ್ಟ ಕಾರ್ಯಕ್ರಮ. ನಸುಕಿನಲ್ಲೆದ್ದು ಮನೆಮಂದಿಗೆಲ್ಲ ಚಹಾ ಅಳೆದು ಹೊಯ್ಯುವ ನನ್ನ ಹೆಂಡತಿಯ ಹಾಗೆ. ಹೊಸದು ಹಾಕಿದರೆ ಚಿತ್ರ ಇನ್ನೂ ನುಣ್ಣಗೆ ಸರಿದೀತು ಎಂದುಕೊಂಡೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ, ಆ ಜಾತಿಯವನು ನಾನು.

ಅಪ್‌ಡೇಟ್ ಆದ ಮೇಲೆ ಪರದೆ ಬಹಳ ಹೊತ್ತು ಕಪ್ಪಗಿತ್ತು. ನಂತರ ಎಲ್ಲ ಸರಿಯಾಗಿ ಬಂತು. ಹಳೆಯ ಹೊಂದಾಣಿಕೆಗಳೆಲ್ಲ ಅಳಿಸಿಹೋಗಿದ್ದವು. ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆಯನ್ನು ಮತ್ತೆ ಆನ್ ಮಾಡಿದೆ. ಮರುದಿನ ಬೆಳಿಗ್ಗೆ ಅತ್ತೆಗೆ ಕಣ್ಣಿನ ಹನಿ ಹಾಕಿ, ಪರದೆಗೆ ಗೇಣು ದೂರದಲ್ಲಿ ಕೂರಿಸಿದೆವು.

"ಮನಿಗೇ ನೇರ ಒಯ್ಯಲೇನು ಅತ್ತಿ?" ಎಂದೆ.

"ಊರಿಗೆ ಹಂಗ ಹೊಗತಾರೇನು, ಕಳ್ಳರಂಗ? ಅಗಸ್ಯಾಗ ಹಾದು ಹೋಗು."

ಅಗಸಿ ಎಂದರೆ ಊರ ಹೆಬ್ಬಾಗಿಲು. ಬಾಗಿಲು ಹೋಗಿತ್ತು, ಎರಡು ಕಡೆಯ ಕಲ್ಲುಗಳಷ್ಟೇ ನಿಂತಿದ್ದವು. ಅವುಗಳ ನಡುವಿನಿಂದ ಚಿತ್ರವನ್ನು ಸರಿಸಿದೆ. ಅತ್ತೆ ಪರದೆಗೆ ಇನ್ನಷ್ಟು ಬಾಗಿದಳು.

"ನಿಲ್ಲು. ಇದು ಹನುಮಪ್ಪನ ಕಟ್ಟಿ. ದೇವ್ರು ನಮ್ಮ ಜೋಡಿ ಬಂದಾನ, ಕಟ್ಟಿ ಇಲ್ಲೇ ಉಳದೈತಿ ನೋಡು. ಎಡಕ್ಕ ನಡಿ... ಹಾಂ, ಇದು ಬಡಿಗ್ಯಾರ ಮನಿ. ಇವರ ಮನ್ಯಾಗ ಒಂದು ಕುಂಟ ನಾಯಿ ಇತ್ತು, ಮುಂದ ಹೋಗಾಕ ಬಿಡ್ತಿರಲಿಲ್ಲ."

ನಾಯಿಯನ್ನು ದಾಟಿ ಬಾವಿಯ ಹತ್ತಿರ ಬಂದೆವು. ಪರದೆ ನೀಲಿಯಾಗಿ, ಕಪ್ಪಾಗಿ, ಕಂಪ್ಯೂಟರು ತಾನೇ ಮತ್ತೆ ಶುರುವಾಯಿತು.

"ಕರೆಂಟ್ ಹೋತೇನು?" ಎಂದಳು ಅತ್ತೆ.

ಹೋಗಿರಲಿಲ್ಲ. ತಲೆಯ ಮೇಲೆ ಫ್ಯಾನು ತೂಕಡಿಸುತ್ತ ತಿರುಗುತ್ತಿತ್ತು. ನನ್ನ ಹೆಂಡತಿ ಅದನ್ನು ನೋಡಿ, "ವೋಲ್ಟೇಜ್ ಇಲ್ರಿ, ಪಂಪ್‌ಸೆಟ್ಟಿಗೆ ಬಿಟ್ಟಾರ," ಎಂದಳು. ನಾನು ಹೂಂಗುಟ್ಟಿದೆ.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ತ್ರೀಫೇಸ್ ಇಲ್ಲದ ಹೊತ್ತು ನೋಡಿ ಕೂತೆವು. ಆ ಸಲ ಬಾವಿ ದಾಟಿ ಓಣಿ ಹೊರಳುವಲ್ಲಿ ಬಿತ್ತು. ಒಂದು ಸಲ ಅಗಸಿಯಲ್ಲೇ ಬಿತ್ತು. ಲೈನ್‌ಮ್ಯಾನನನ್ನು ದಾರಿಯಲ್ಲಿ ತಡೆದು ನಿಲ್ಲಿಸಿ ಕೇಳಿದೆ. ಅವನು ಪಾಪ, ಆಷಾಢದ ಗಾಳಿಯನ್ನು ತೋರಿಸಿ, "ಗಾಳಿಗೆ ನಾ ಏನ್ ಮಾಡ್ಲಿರಿ, ತಂತಿ ಹಿಡಕಂಡು ನಿಂದ್ರಲೇನು?" ಎಂದ. ಅಕ್ಕಪಕ್ಕದ ಅಂಗಡಿಯವರೂ ಬಂದು ಬಲ್ಬು ನೋಡಿ, ಸ್ಟೆಬಿಲೈಸರ್ ಹಾಕಿಸಿ ಎಂದರು. ಹಾಕಿಸಿದೆ. ಅದು ಮೂಲೆಯಲ್ಲಿ ಕೂತು ಗುಂಯ್‌ಗುಟ್ಟುತ್ತಿತ್ತು. ಅದರ ಮುಳ್ಳು ಅಲುಗದೆ ನೆಟ್ಟಗಿದ್ದಾಗಲೇ ಕಂಪ್ಯೂಟರು ಬೀಳುತ್ತಿತ್ತು.

ಬಿದ್ದಾಗಲೆಲ್ಲ ಅತ್ತೆ ಮತ್ತೆ ಅಗಸಿಯಿಂದಲೇ ಶುರು ಮಾಡಬೇಕೆಂದು ಹಟ ಹಿಡಿಯುವಳು. ಬಿಟ್ಟಲ್ಲಿಂದ ಹೋಗೋಣ ಎಂದರೆ ಒಪ್ಪುವುದಿಲ್ಲ. ಬಾವಿ ಹತ್ತಿರ ಆಕಾಶದಿಂದ ಬಿದ್ದಂತೆ ಇಳಿಯಲು ತಾನೇನು ಹದ್ದೇ, ಎಂದು ಕೇಳುವಳು. ಹೀಗಾಗಿ ನಾವು ಆ ದಾರಿಯನ್ನು ಎಷ್ಟೋ ಸಲ ನಡೆದೆವು. ನಿಜ ಹೇಳಬೇಕೆಂದರೆ ನನಗೂ ಅದರ ಗುಂಗು ಹಿಡಿದಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಸ್ಟುಡಿಯೋದಲ್ಲಿ ಹಾಗೇ ಕಣ್ಣು ಮುಚ್ಚಿದರೆ ಜನವಿದ್ದಾಗ ನಾನು ಕಾಣದ ಆ ಊರಿನ ಓಣಿಯಲ್ಲಿ ನಡೆಯುತ್ತಿರುತ್ತಿದ್ದೆ. ಕಾಲ ಕೆಳಗಿನ ಮಣ್ಣು ಮೆತ್ತಗಿರುತ್ತಿತ್ತು, ಮೇಲೆ ನೀರಿನ ಬೆಳಕು ಅಲುಗುತ್ತಿತ್ತು, ಬಡಿಗೇರರ ನಾಯಿ ಬೊಗಳುವುದೂ ನೀರೊಳಗಿನಿಂದ ಬಂದಂತೆ ದೂರದಲ್ಲಿ ಕೇಳುತ್ತಿತ್ತು. ಯಾರದೋ ಮನೆಯ ಹೊಗೆ ಮೇಲೇಳದೆ ಓಣಿಯಲ್ಲೇ ತೇಲುತ್ತಿತ್ತು. ಎಚ್ಚರವಾದಾಗ ಸ್ಟೆಬಿಲೈಸರ್ ಗುಂಯ್‌ಗುಟ್ಟುತ್ತಿರುತ್ತಿತ್ತು.

ಅತ್ತ ಘಟ್ಟದಲ್ಲಿ ಮಳೆ ಹಿಡಿದು ಹಿನ್ನೀರು ಏರುತ್ತಿದೆ ಎಂಬ ಸುದ್ದಿ ಬಂತು. ಇತ್ತ ಅತ್ತೆ ಒಂದು ದಿನ ಚಹಾದ ಕಪ್ಪನ್ನು ಹಿಡಿಯಲು ಹೋಗಿ ಬರೀ ಗಾಳಿಯನ್ನು ಹಿಡಿದಳು. ಕಪ್ಪು ಅವಳ ಮುಂದೆಯೇ ಇತ್ತು. ನನ್ನ ಹೆಂಡತಿ ಅದನ್ನು ಎತ್ತಿ ಅವಳ ಅಂಗೈಗಿಟ್ಟಳು.

ಮರುದಿನ ಗಾಳಿಗೆ ಎಲ್ಲೋ ಕಂಬ ಬಿದ್ದು ಕರೆಂಟು ಪೂರ್ತಿ ಹೋಯಿತು. ಕಂಪ್ಯೂಟರು ಯುಪಿಎಸ್ಸಿನ ಬ್ಯಾಟರಿಯ ಮೇಲೆ ಉಸಿರು ಹಿಡಿದುಕೊಂಡಿತ್ತು. ನನಗೆ ಖುಷಿಯಾಯಿತು, ಈಗ ಲೈನೇ ಇಲ್ಲ, ಇನ್ನು ತೊಂದರೆ ಕೊಡುವವರು ಯಾರು! ಅತ್ತೆಯನ್ನು ಕೂರಿಸಿಕೊಂಡು ಬೇಗ ಬೇಗ ನಡೆದೆವು. ಅಗಸಿ, ಕಟ್ಟೆ, ಬಾವಿ, ಹೊರಳು. ಅವಳ ಮನೆಯ ಸಾಲು ಕಾಣತೊಡಗಿತು. ಅಲ್ಲಿಗೆ ಎಂದೂ ತಲುಪಿರಲಿಲ್ಲ. ಅತ್ತೆ ಕೈ ಮುಂದೆ ಮಾಡಿದಳು. ಪರದೆ ಕಪ್ಪಾಯಿತು.

ಯುಪಿಎಸ್ಸಿನ ಹಸಿರು ದೀಪ ಉರಿಯುತ್ತಲೇ ಇತ್ತು. ಅತ್ತೆಯ ಕೈ ಹಾಗೇ ಚಾಚಿಕೊಂಡಿತ್ತು.

"ಅವತ್ತು ಗಾಡಿ ಹೊಡದಾಗೂ ಹಿಂಗ," ಎಂದಳು. "ಎಚ್ಚರ ಇರಬೇಕಂತ ಎಷ್ಟ್ ಮಾಡಿದೆ. ಹಿಂಗ, ಒಮ್ಮಿಗೇ ಕಪ್ಪಗಾತು."

ಅವಳು ಅಳುವುದನ್ನು ನಾನು ಮಾವ ತೀರಿಕೊಂಡಾಗ ನೋಡಿದ್ದೆ, ಮತ್ತೆ ಈಗ. ನನಗೆ ಕಂಪ್ಯೂಟರನ್ನು ಎತ್ತಿ ಒಗೆಯುವಷ್ಟು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಒಂದು ವಿಷಯ ತಲೆಗೆ ಹೊಕ್ಕಿತು: ಲೈನು ಇಲ್ಲದಾಗಲೂ ಬಿದ್ದಿತೆಂದರೆ ತಪ್ಪು ಲೈನಿನದಲ್ಲ. ಇಷ್ಟು ದಿನ ನಾನು ಬಲ್ಬು ನೋಡುತ್ತ ಕೂತಿದ್ದೆ.

ಕಂಪ್ಯೂಟರು ಜೋಡಿಸಿಕೊಟ್ಟ ಗೆಳೆಯ ಕೊಟ್ಟೂರಿನಲ್ಲಿದ್ದಾನೆ. ಅವನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಅವನು ಬಾಯಲ್ಲಿ ಏನೋ ಅಗಿಯುತ್ತ ಕೇಳಿಸಿಕೊಂಡ, ಮಿರ್ಚಿ ಮಂಡಕ್ಕಿ ಇರಬೇಕು.

"ಲೇ, ಬ್ಯಾಟರಿ ಮ್ಯಾಲ ಬಿದ್ದಿದ್ದಕ್ಕ ಲೈನಿಗ್ಯಾಕ ಬೈತಿ? ನಡುವ ಏನರ ಅಪ್‌ಡೇಟ್ ಮಾಡಿಯೇನು?"

"ಮಾಡೀನಿ," ಎಂದೆ.

"ನನಗ ಗೊತ್ತಿತ್ತು! ಚೊಲೊ ಇದ್ದಿದ್ದನ್ನ ಕೆದರಾಕ ನಿನಗ ಯಾರು ಹೇಳಿದ್ರು?" ಎಂದು ಮನಸಾರೆ ಬೈದು ಮುಗಿಸಿ, ಹಳೆಯ ಫರ್ಮ್‌ವೇರಿಗೆ ಹಿಂದಿರುಗಬೇಡ, ಆ ಬೋರ್ಡು ಅದಕ್ಕೆ ಒಪ್ಪುವುದಿಲ್ಲ, ನಡುವೆ ಕರೆಂಟು ಹೋದರೆ ಬೋರ್ಡೇ ಕಲ್ಲಾಗುತ್ತದೆ ಎಂದ. ಮೊದಲು ಮೆಮೊರಿ ಪಟ್ಟಿಗಳನ್ನು ಬಿಚ್ಚಿ ಒರೆಸಿ, ಆಮೇಲೆ ಪರೀಕ್ಷೆಗೆ ಹಚ್ಚು.

ಪೆಟ್ಟಿಗೆ ಬಿಚ್ಚಿದೆ. ಬೆರಳುದ್ದದ ಎರಡು ಪಟ್ಟಿಗಳು. ಅವುಗಳ ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜುವುದು ನಮ್ಮ ಕಡೆಯ ಹಳೆಯ ವೈದ್ಯ. ಉಜ್ಜುತ್ತಿದ್ದಾಗ ಅತ್ತೆ ಒಂದನ್ನು ಅಂಗೈ ಮೇಲೆ ಹಾಕಿಸಿಕೊಂಡು ಬೆರಳಿನಿಂದ ಸವರಿದಳು.

"ನನ್ನ ಊರು ಇದರಾಗೈತೇನು?"

"ನೋಡೋವಾಗ ಇದರಾಗ ಬಂದು ಕುಂದ್ರತೈತಿ ಅತ್ತಿ. ಕರೆಂಟ್ ಇರೋತನ ಅಷ್ಟ. ಕರೆಂಟ್ ಹೋದ್ರ ಎಲ್ಲಾ ಮರೀತೈತಿ."

"ನನ್ನ ಅಳಿಯ ಇದ್ದಂಗೈತಿ ಬಿಡು. ಹೊಟ್ಟಿ ತುಂಬಿರೋತನ ಎಲ್ಲಾ ನೆಪ್ಪಿರ್ತೈತಿ," ಎಂದಳು. ಗೇಲಿ ಮಾಡಿದಳೆಂದರೆ ಅವಳು ಸೋತಿಲ್ಲ ಎಂದು ನನಗೂ ಧೈರ್ಯ ಬಂತು.

ಒರೆಸಿ ಹಾಕಿದರೂ ಬೀಳುವುದು ತಪ್ಪಲಿಲ್ಲ. ಮೆಮೊರಿಯನ್ನು ಮಾತ್ರ ಪರೀಕ್ಷಿಸುವ ಒಂದು ಕಾರ್ಯಕ್ರಮವಿದೆ, ಪೆನ್‌ಡ್ರೈವಿಗೆ ಹಾಕಿ ಅದನ್ನು ಓಡಿಸಿದೆ. ಅದು ಮೆಮೊರಿಯ ಪ್ರತಿ ಮೂಲೆಯಲ್ಲೂ ಏನನ್ನೋ ಬರೆಯುತ್ತದೆ, ಮತ್ತೆ ಓದಿ ನೋಡುತ್ತದೆ; ಬರೆದದ್ದೊಂದು ಓದಿದ್ದೊಂದು ಆದರೆ ಕೆಂಪು ಸಾಲು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಕೆಳಗೆಲ್ಲ ಕೆಂಪು ಚೆಲ್ಲಿತ್ತು. ಪಟ್ಟಿಯೇ ಕೆಟ್ಟಿರಬೇಕೆಂದು ಒಂದೊಂದನ್ನೇ ಹಾಕಿ ನೋಡಿದರೆ ಎರಡೂ ತೇರ್ಗಡೆ. ಎರಡನ್ನೂ ಕೂಡಿಸಿದರೆ ಕೆಂಪು.

"ಪಟ್ಟಿ ಚೊಲೊ ಅದಾವ," ಎಂದ ಗೆಳೆಯ. "ಅವಕ್ಕ ಹೊಟ್ಟಿಗೆ ಸಾಕಾಗವಲ್ದು. ಪಟ್ಟಿ ಮ್ಯಾಲಿನ ಚೀಟಿ ಓದು, ಎಷ್ಟು ವೋಲ್ಟ್ ಐತಿ? ಆಮ್ಯಾಲ ಸೆಟ್ಟಿಂಗ್ ಒಳಗ ಹೊಕ್ಕು ಬೋರ್ಡು ಎಷ್ಟು ಕೊಡಾಕಹತ್ತೈತಿ ನೋಡು."

ಚೀಟಿಯ ಮೇಲೆ ಒಂದು ಪಾಯಿಂಟ್ ಮೂರು ಐದು. ಬೋರ್ಡು ಕೊಡುತ್ತಿದ್ದದ್ದು ಒಂದು ಪಾಯಿಂಟ್ ಎರಡು. ಹೊಸ ಫರ್ಮ್‌ವೇರು ಪೂರ್ತಿ ವೇಗದಲ್ಲಿ ಓಡು ಎಂದು ಮೆಮೊರಿಗೆ ಹೇಳಿತ್ತು, ಆ ವೇಗಕ್ಕೆ ಬೇಕಾದ ಕರೆಂಟನ್ನು ಮಾತ್ರ ಏರಿಸಿರಲಿಲ್ಲ. ಸಣ್ಣ ಕೆಲಸಕ್ಕೆ ಅಷ್ಟೇ ಸಾಲುತ್ತಿತ್ತು. ಊರು ತುಂಬಿಕೊಳ್ಳುತ್ತ ಬಂದಂತೆ ತಲೆ ತಿರುಗಿ ಬೀಳುತ್ತಿತ್ತು. ಅರ್ಧ ಕಪ್ಪು ಚಹಾ ಕೊಟ್ಟು ಮೂಟೆ ಹೊರಿಸಿದರೆ ಯಾವ ಹಮಾಲನಾದರೂ ಅದನ್ನೇ ಮಾಡಿಯಾನು. ನಾನು ಕುರ್ಚಿಗೆ ಒರಗಿ ನಕ್ಕುಬಿಟ್ಟೆ. ಇನ್ನೂರು ಮೂವತ್ತು ಇರಬೇಕಾದ ಲೈನು ಎಷ್ಟೇ ಇಳಿದರೂ ಕೇಳುವವರಿಲ್ಲದ ನಾಡಿನಲ್ಲಿ, ಒಂದು ವೋಲ್ಟಿನ ಒಂದು ಚೂರಿಗಾಗಿ ನನ್ನ ಅತ್ತೆ ಬಾವಿಯ ಹತ್ತಿರ ನಿಂತುಬಿಟ್ಟಿದ್ದಳು.

"ಕೈಯಿಂದ ಒಂದು ಪಾಯಿಂಟ್ ಮೂರು ಐದು ಹಾಕು. ಚೀಟಿಗಿಂತ ಹೆಚ್ಚು ಹಾಕಬ್ಯಾಡ, ಆಸೆ ಮಾಡಿ ಸುಟ್ಗಂಡೀಯ," ಎಂದ ಗೆಳೆಯ.

ಹಾಕಿದೆ. ಪರೀಕ್ಷೆಗೆ ಹಚ್ಚಿದೆ. ಈ ಸಲ ನಾನು ಊಟಕ್ಕೂ ಏಳಲಿಲ್ಲ. ಹೆಂಡತಿ ಅಲ್ಲಿಗೇ ರೊಟ್ಟಿ ತಂದುಕೊಟ್ಟಳು, ಪರದೆಯನ್ನೇ ನೋಡುತ್ತ ತಿಂದೆ. ಸಂಜೆಯ ಬೆಳಕು ಬಾಗಿಲಿಂದ ಒಳಗೆ ಬರುವ ತನಕ ಒಂದೂ ಕೆಂಪು ಬೀಳಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಅತ್ತೆಯ ಕಣ್ಣಿಗೆ ಇನ್ನೆಷ್ಟು ನಡಿಗೆ ಉಳಿದಿವೆಯೋ, ಅದರಲ್ಲಿ ಒಂದನ್ನೂ ಕಳೆಯುವ ಧೈರ್ಯ ನನಗಿರಲಿಲ್ಲ. ಮತ್ತೆ ಒಳಹೊಕ್ಕು ಮೆಮೊರಿಯ ವೇಗವನ್ನೂ ಒಂದು ಮೆಟ್ಟಿಲು ಇಳಿಸಿದೆ. ಯಾವ ಯಂತ್ರವನ್ನೂ ನಾನು ಬೇಕೆಂದೇ ನಿಧಾನ ಮಾಡಿದ್ದು ಅದೇ ಮೊದಲು.

ಬೆಳಿಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಸ್ಟುಡಿಯೋದ ಬಾಗಿಲನ್ನು ಅರ್ಧ ಎಳೆದೆ. ಕುರ್ಚಿಯನ್ನು ಗೇಣು ದೂರಕ್ಕೆ ಸರಿಸಿದೆ.

ಅಗಸಿ ಹೊಕ್ಕೆವು. ಹನುಮಪ್ಪನ ಕಟ್ಟೆಗೆ ಅತ್ತೆ ಕೈ ಮುಗಿದಳು. ಬಡಿಗೇರರ ಮನೆ ದಾಟಿದೆವು. ಬಾವಿಯ ಹತ್ತಿರ ನನ್ನ ಕೈ ತಾನಾಗಿಯೇ ನಿಂತಿತು. "ನಡಿ," ಎಂದಳು. ಓಣಿ ಹೊರಳಿತು. ಚಿತ್ರ ಮೊದಲಿಗಿಂತ ಸ್ವಲ್ಪ ತಡವಾಗಿ ತೆರೆದುಕೊಳ್ಳುತ್ತಿತ್ತು. ಪ್ರತಿ ಸಲ ಮೊದಲು ಮಸುಕಾಗಿ, ಆಮೇಲೆ ಒಂದೊಂದೇ ಕಲ್ಲು ಸ್ಪಷ್ಟವಾಗಿ. ನೀರು ಈಗಷ್ಟೇ ಇಳಿಯುತ್ತಿದೆಯೋ ಎಂಬಂತೆ ಕಾಣುತ್ತಿತ್ತು.

"ಇದು."

ನಾಲ್ಕು ಗೋಡೆಗಳ ಅಡಿಪಾಯ, ಬಾಗಿಲಿದ್ದಲ್ಲಿ ಬರಿ ಕಂಡಿ. ಬಾಗಿಲನ್ನು ಅಂದೇ ಗಾಡಿಗೆ ಹೇರಿದ್ದರಲ್ಲ. ಒಳಗೆ, ಮೂಲೆಯಲ್ಲಿ, ನೆಲದಲ್ಲಿ ಹೂತ ಒಂದು ದುಂಡು ಕಲ್ಲು. ಎತ್ತಿಕೊಂಡು ಹೋಗಲು ಬಾರದೆ ಬಿಟ್ಟುಹೋದ ಒರಳು. ಅದರ ಕುಳಿಯಲ್ಲಿ ಒಂದು ಬೊಗಸೆ ನೀರು ನಿಂತು ಆಕಾಶದ ಬಣ್ಣಕ್ಕಿತ್ತು. ಅತ್ತೆ ಪರದೆಯ ಮೇಲೆ, ಆ ನೀರಿನ ಮೇಲೆ ಬೆರಳಿಟ್ಟಳು.

"ಅವ್ವ ಇಲ್ಲಿ ಕುಂದ್ರತಿದ್ಲು. ನಾ ಈ ಕಡಿ."

ಬಹಳ ಹೊತ್ತು ಹಾಗೇ ಇದ್ದಳು. ಕಂಪ್ಯೂಟರು ಬೀಳಲಿಲ್ಲ. ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೆಲಸ ಮುಗಿಯಿತೆಂದು ನಾನು ಮೌಸಿನಿಂದ ಕೈ ತೆಗೆದೆ.

"ಯಾಕ ಬಿಟ್ಟಿ?" ಎಂದಳು ಅತ್ತೆ. "ಹೊರಳ್ಸು."

"ಎಲ್ಲಿಗೆ ಅತ್ತಿ?"

"ಅಗಸಿಗೆ. ಬಂದ ದಾರಿಗುಂಟ. ನಿಧಾನಕ ನಡಿ, ಈ ಸಲ ನಾ ಎಚ್ಚರ ಅದೀನಿ."

ಆಗ ನನಗೆ ಅರ್ಥವಾಯಿತು, ಅವಳಿಗೆ ಬೇಕಾಗಿದ್ದು ಮನೆ ಮುಟ್ಟುವುದಷ್ಟೇ ಆಗಿರಲಿಲ್ಲ. ನಾನು ಮತ್ತೆ ಮೌಸು ಹಿಡಿದೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಮದುವೆಗಳಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನ ಫೋಟೋ ತೆಗೆದಿದ್ದೇನೆ, ಯಂತ್ರವನ್ನು ಎಂದೂ ಬೇಡಿಕೊಂಡವನಲ್ಲ. ಅಂದು, ಕಂಪ್ಯೂಟರೇ, ಇದೊಂದು ದಾರಿ ಮಾತ್ರ ಕೈಬಿಡಬೇಡ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಓಣಿಯ ಹೊರಳಿನಲ್ಲಿ ಅವಳು ಒಮ್ಮೆ ನಿಲ್ಲಿಸಿದಳು. "ಹೋಗಿ ಬರ್ತೀನಿ," ಎಂದು ಮನೆಯ ಕಡೆಗೆ ಹೇಳಿದಳು. ಬಾವಿಗೂ ಹೇಳಿದಳು, ಬಡಿಗೇರರ ಮನೆಗೂ ಹೇಳಿದಳು. ನಾಯಿಗೆ ಮಾತ್ರ, "ಹಚಾ, ಈಗರ ಸುಮ್ಕಿರು," ಎಂದಳು. ಕಟ್ಟೆ ದಾಟಿತು. ಅಗಸಿಯ ಎರಡು ಕಲ್ಲುಗಳು ಕೆಳಗಿನಿಂದ ಬಂದು, ಪರದೆಯ ನಡುವೆ ನಿಂತು, ಮೆಲ್ಲಗೆ ಹಿಂದೆ ಸರಿದವು. ಆಚೆ ಬರಿ ಬಿರುಕು ಬಿಟ್ಟ ಮಣ್ಣು.

"ಹೋಗ್ತೀನಿ," ಎಂದಳು ಅತ್ತೆ.

ಹೋಗುವಾಗ ಬರೀ ಹೋಗುತ್ತೇನೆ ಅನ್ನಬಾರದೆಂದು ನಮಗೆಲ್ಲ ಕಲಿಸಿದವಳೇ ಅವಳು. ಹೆಂಡತಿ, "ಯವ್ವಾ, ಹಂಗನ್ನಬ್ಯಾಡ," ಎಂದು ಅವಳ ಭುಜ ಹಿಡಿದಳು. ಅತ್ತೆ ಆ ಕೈ ಮೇಲೆ ಕೈಯಿಟ್ಟು, "ಅದು ನೀರಿಂದು. ನೀರಿಗೆ ಬಿಡ್ರಿ," ಎಂದಳು. ಮತ್ತೆ ನನಗೆ ಹೇಳಿದಳು: "ಸಾಕು, ಬಂದ್ ಮಾಡು." ನಾನೇ ಬಂದ್ ಮಾಡಿದೆ. ಆ ದಿನಗಳಲ್ಲಿ ಅದು ತಾನಾಗಿ ಬೀಳದೆ, ನಾವು ಹೇಳಿದಾಗ ನಿಂತದ್ದು ಅದೇ ಮೊದಲು.

ಶ್ರಾವಣದಲ್ಲಿ ಕಣ್ಣು ತೋರಿಸಲು ಮತ್ತೆ ಹೊಸಪೇಟೆಗೆ ಹೊರಟೆವು. ಎಡಗಣ್ಣಿನ ಬೆಳಕು ಇನ್ನಷ್ಟು ಸಣ್ಣದಾಗಿತ್ತು. ಅತ್ತೆ ಆ ಬಗ್ಗೆ ಮಾತೆತ್ತುತ್ತಿರಲಿಲ್ಲ. ಚಿತ್ರವನ್ನು ಮತ್ತೊಮ್ಮೆ ನೋಡಬೇಕೆಂದೂ ಕೇಳಿರಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಕೂತಿದ್ದರು. ಹಿನ್ನೀರು ತುಂಬಿತ್ತು, ರಸ್ತೆಯಿಂದ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ನೋಡು ಅತ್ತೆ, ನೀರು ಬಂದಿದೆ ಎನ್ನಬೇಕೆಂದು ಬಾಯಿ ತೆರೆದೆ.

"ಶ್," ಎಂದಳು ಹೆಂಡತಿ. "ನಿಧಾನಕ ಹೊಡಿರಿ."

ಕನ್ನಡಿಯಲ್ಲಿ ನೋಡಿದೆ. ಅತ್ತೆ ಮಗಳ ಹೆಗಲ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು, ನಿದ್ದೆ ಹೋಗಿದ್ದಳು. ನಡುದಾರಿಯ ಮರಿಯಮ್ಮನಹಳ್ಳಿಯೂ ಇನ್ನೂ ಬಂದಿರಲಿಲ್ಲ.

ಹೊಸಪೇಟೆಯಲ್ಲಿ ಆಸ್ಪತ್ರೆಯ ಮುಂದಿನ ಬೇವಿನ ನೆರಳಿಗೆ ಕಾರು ನಿಲ್ಲಿಸಿದೆ. ಡಾಕ್ಟರು ಕೊಟ್ಟ ಹೊತ್ತು ಬಂದು ಹೋಯಿತು. ನಾವು ಅವಳನ್ನು ಎಬ್ಬಿಸಲಿಲ್ಲ, ಬಿಟ್ಟು ಎದ್ದೂ ಹೋಗಲಿಲ್ಲ. ಅವಳು ಕಣ್ಣು ಬಿಟ್ಟಾಗ ಇದು ಯಾವ ಊರೆಂದು ಹೇಳಲು ಇಬ್ಬರೂ ಅಲ್ಲೇ ಇರಬೇಕಾಗಿತ್ತು.